ಉಪ್ಪು ಗಾಳಿಯ ಊರಲ್ಲಿ ಸ್ಟಡ್ ಹಾಕುವುದು ಹೇಗೆ: ಅಳತೆ ಹಿಡಿಯುವುದರಿಂದ ಮುರಿದದ್ದನ್ನು ತೆಗೆಯುವವರೆಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್, ಕುಮಟೆಯ ತದಡಿ, ಹೊನ್ನಾವರದ ಕಾಸರಕೋಡ, ಎಲ್ಲ ಕಡೆ ಎಂಜಿನ್ ಬಿಚ್ಚಿ ಹರಡಿಕೊಂಡು ಕೂರುವ ಕಾಲ ಅದು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆ ಹಿಂದೆ ಸರಿದ ಮೇಲೆ ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ ರಿಪೇರಿ ಶುರುವಾಗುತ್ತದೆ. ಎರಡೂ ಕಡೆ ಕೆಲಸ ಸಿಕ್ಕಿಹಾಕಿಕೊಳ್ಳುವ ಜಾಗ ಬಹಳ ಸಲ ಒಂದೇ. ತುಕ್ಕು ಹಿಡಿದು ಅಲುಗದ ಸ್ಟಡ್, ಇಲ್ಲವೇ ಬಿಚ್ಚುವಾಗ ಕಟ್ ಆದ ಸ್ಟಡ್. ಸ್ಟಡ್ ಅಂದರೆ ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್. ಹೊಸದು ಹಾಕುವಾಗ ಸ್ವಲ್ಪ ಗಮನ ಕೊಟ್ಟಿದ್ದರೆ ಇದರಲ್ಲಿ ಹೆಚ್ಚಿನವು ತಪ್ಪುತ್ತಿದ್ದವು. ಬೋಟ್ ಮೆಕ್ಯಾನಿಕ್‌ಗಳು, ಐಸ್ ಪ್ಲಾಂಟ್ ನೋಡಿಕೊಳ್ಳುವವರು, ತಮ್ಮ ಪಂಪನ್ನು ತಾವೇ ಬಿಚ್ಚುವ ತೋಟದವರು, ಈಗಷ್ಟೇ ಐಟಿಐ ಮುಗಿಸಿದ ಹುಡುಗರು, ಇವರೆಲ್ಲರಿಗೂ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಸ್ಟಡ್ ಹಿಡಿಯುವುದು ತಾನು ಹಿಗ್ಗುವುದರಿಂದ. ನಟ್ ತಿರುಗಿಸಿದಾಗ ಸ್ಟಡ್ ಸ್ವಲ್ಪ ಉದ್ದವಾಗುತ್ತದೆ, ಮತ್ತೆ ಮೊದಲಿನ ಉದ್ದಕ್ಕೆ ಬರಲು ನೋಡುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. 8.8 ಗ್ರೇಡಿನ (ಗ್ರೇಡ್ ವಿಷಯ ಮುಂದೆ ಬರುತ್ತದೆ) ಎಂ12, ಅಂದರೆ 12 ಮಿಮೀ ವ್ಯಾಸದ ಸ್ಟಡ್ ಸರಿಯಾಗಿ ಬಿಗಿಯಾದರೆ ಸುಮಾರು ಮೂರೂವರೆ ಟನ್ ಎಳೆತ ಹಿಡಿದಿರುತ್ತದೆ. ಅಷ್ಟಕ್ಕೆ ಅದು ಹಿಗ್ಗುವುದು 100 ಮಿಮೀ ಉದ್ದಕ್ಕೆ 0.2 ಮಿಮೀ ಮಾತ್ರ. ಈ ಪುಟ್ಟ ಹಿಗ್ಗು ಉಳಿದರೆ ಜಾಯಿಂಟ್ ಉಳಿಯುತ್ತದೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ 0.2 ಮಿಮೀ ಕಾಪಾಡುವುದಕ್ಕೇ.

ಸ್ಟಡ್ ಯಾಕೆ, ಬೋಲ್ಟ್ ಸಾಲದಾ?

ಬೀಡು (ಎರಕದ ಕಬ್ಬಿಣ) ಅಥವಾ ಅಲ್ಯೂಮಿನಿಯಂ ಕೇಸಿಂಗ್‌ನಲ್ಲಿ ಕೊರೆದ ಥ್ರೆಡ್ ಮೆತ್ತಗಿರುತ್ತದೆ. ಬೋಲ್ಟ್ ಹಾಕಿದ್ದರೆ ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಸವೆಯುವುದು ಆ ದುಬಾರಿ ಕೇಸಿಂಗ್‌ನ ಥ್ರೆಡ್. ಸ್ಟಡ್ ಆದರೆ ಒಂದು ಸಲ ಒಳಗೆ ಕೂತ ಮೇಲೆ ಅಲ್ಲೇ ಇರುತ್ತದೆ. ಸವೆಯುವುದು ನಟ್ ಮಾತ್ರ, ನಟ್ ಬದಲಿಸಲು ಎಷ್ಟು ಖರ್ಚು ಹೇಳಿ. ಇನ್ನೊಂದು ಲಾಭವೂ ಇದೆ. ಬೋಟ್‌ನ ಇಕ್ಕಟ್ಟಾದ ಎಂಜಿನ್ ರೂಮಿನಲ್ಲಿ ಭಾರದ ಸಿಲಿಂಡರ್ ಹೆಡ್ ಇಳಿಸುವಾಗ ಸ್ಟಡ್‌ಗಳೇ ದಾರಿ ತೋರಿಸುತ್ತವೆ, ಗ್ಯಾಸ್ಕೆಟ್ ಜಾರುವುದಿಲ್ಲ. ತಿಂಗಳಿಗೊಮ್ಮೆ ಬಿಚ್ಚುವ ಜಾಗ, ಮೆತ್ತಗಿನ ಲೋಹ, ಒತ್ತಡದ ಜಾಯಿಂಟ್, ಈ ಮೂರರಲ್ಲಿ ಒಂದಿದ್ದರೂ ಸ್ಟಡ್ ಹಾಕಿ.

ನಿಮಗೆ ಸಿಗುವ ಸ್ಟಡ್‌ಗಳು ಮುಖ್ಯವಾಗಿ ಮೂರು ತರಹ. ಪೂರ್ತಿ ಉದ್ದಕ್ಕೂ ಥ್ರೆಡ್ ಇರುವುದು, ಪೈಪ್ ಫ್ಲ್ಯಾಂಜ್‌ಗಳಿಗೆ (ಪೈಪ್ ಜೋಡಿಸಲು ತುದಿಯಲ್ಲಿರುವ ಅಗಲ ಬಳೆ), ಎರಡೂ ಕಡೆ ನಟ್ ಹಾಕುತ್ತಾರೆ. ಎರಡು ತುದಿಗೆ ಥ್ರೆಡ್ ಇದ್ದು ನಡುವೆ ನುಣ್ಣಗಿರುವುದು, ಒಂದು ತುದಿ ಕೇಸಿಂಗ್ ಒಳಗೆ, ಇನ್ನೊಂದಕ್ಕೆ ನಟ್. ಮೂರನೆಯದು ಪ್ಲೇಟಿಗೆ ವೆಲ್ಡ್ ಮಾಡುವ ಸ್ಟಡ್, ಅದರ ವಿಷಯವೇ ಬೇರೆ, ಇಲ್ಲಿ ಬೇಡ.

ಮೊದಲ ಹೆಜ್ಜೆ: ಅಳತೆ ಹಿಡಿಯಿರಿ

ಹಳೇ ಸ್ಟಡ್ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ "ಇಂಥದ್ದೇ ಕೊಡಿ" ಅನ್ನುವುದು ಸಾಕಾಗುವುದಿಲ್ಲ. ವರ್ನಿಯರ್‌ನಲ್ಲಿ ಹೊರ ವ್ಯಾಸ ನೋಡಿ, ಪಿಚ್ ಗೇಜ್ ಇಟ್ಟು ಥ್ರೆಡ್ ಅಂತರ ನೋಡಿ. ಪಿಚ್ ಗೇಜ್ ಸಣ್ಣ ಸಾಮಾನು, ಬೆಲೆಯೂ ಕಡಿಮೆ, ಟೂಲ್ ಬಾಕ್ಸ್‌ನಲ್ಲಿ ಇರಲೇಬೇಕು. ಮೆಟ್ರಿಕ್ ಒರಟು ಥ್ರೆಡ್‌ನ ಪಿಚ್ ಹೀಗೆ: ಎಂ6ಕ್ಕೆ 1, ಎಂ8ಕ್ಕೆ 1.25, ಎಂ10ಕ್ಕೆ 1.5, ಎಂ12ಕ್ಕೆ 1.75, ಎಂ16ಕ್ಕೆ 2, ಎಂ20ಕ್ಕೆ 2.5 ಮಿಮೀ. ವ್ಯಾಸದಿಂದ ಪಿಚ್ ಕಳೆದರೆ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಾಧನ) ಹಾಕುವ ಮೊದಲು ಕೊರೆಯಬೇಕಾದ ರಂಧ್ರದ ಅಳತೆ ಸಿಗುತ್ತದೆ. ಎಂ10ಕ್ಕೆ 8.5, ಎಂ12ಕ್ಕೆ 10.2, ಎಂ16ಕ್ಕೆ 14.

ಹಳೆಯ ಬ್ರಿಟಿಷ್ ಮಾದರಿಯ ನಿಧಾನಗತಿ ಡೀಸೆಲ್ ಎಂಜಿನ್‌ಗಳು ಘಟ್ಟದ ಮೇಲಿನ ತೋಟಗಳಲ್ಲಿ ಇನ್ನೂ ಇವೆ. ಅವುಗಳ ಮುಂದೆ ಕೂತಾಗ ಹುಷಾರು. ಅಲ್ಲಿರುವುದು ವಿಟ್‌ವರ್ತ್ ಥ್ರೆಡ್ ಆಗಿರಬಹುದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಅದು, ಥ್ರೆಡ್‌ನ ಕೋನ 55 ಡಿಗ್ರಿ. ಮೆಟ್ರಿಕ್ ಮತ್ತು ಅಮೆರಿಕನ್ ಯುಎನ್‌ಸಿ ಎರಡೂ 60 ಡಿಗ್ರಿ. ಅರ್ಧ ಇಂಚು, ಅಂದರೆ ನಾಲ್ಕು ಸೂತ್‌ನ ವಿಟ್‌ವರ್ತ್‌ಗೆ ಇಂಚಿಗೆ 12 ಥ್ರೆಡ್, ಅದೇ ಅಳತೆಯ ಯುಎನ್‌ಸಿಗೆ 13. ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಎಂ8ಕ್ಕೂ ಐದು ಬೈ ಹದಿನಾರು ಇಂಚಿಗೂ ಇದೇ ಗೊಂದಲ: ವ್ಯಾಸದಲ್ಲಿ ಕೂದಲೆಳೆಯ ವ್ಯತ್ಯಾಸ, ಪಿಚ್ ಮಾತ್ರ ಬೇರೆ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಪಾನಾಕ್ಕೆ ಪೈಪ್ ತೂರಿಸಿ ತಿರುಗಿಸಿದರೆ ಬೀಡಿನ ಥ್ರೆಡ್ ಹೋದ ಹಾಗೇ.

ಉದ್ದ ಹೇಳುವಾಗಲೂ ಒಂದು ಗೊಂದಲ ಇದೆ. ಡಿನ್ (ಜರ್ಮನ್ ಮಾನದಂಡ) ಅಳತೆಯ ಎರಡು ತುದಿಯ ಸ್ಟಡ್‌ಗಳಲ್ಲಿ ಹೇಳುವ ಉದ್ದ ಹೊರಗೆ ನಿಲ್ಲುವ ಭಾಗದ್ದು, ಕೇಸಿಂಗ್ ಒಳಗೆ ಹೋಗುವ ತುದಿ ಅದರಲ್ಲಿ ಸೇರುವುದಿಲ್ಲ. ಡಿನ್ 939ರ ಎಂ12, 60 ಅಂತ ಆರ್ಡರ್ ಮಾಡಿದರೆ ಕೈಗೆ ಬರುವುದು ಒಟ್ಟು 75 ಮಿಮೀ ಸ್ಟಡ್. ಹೊರಗಿನ ಉದ್ದದ ಲೆಕ್ಕ ಸುಲಭ: ಹೆಡ್ ಅಥವಾ ಫ್ಲ್ಯಾಂಜ್‌ನ ದಪ್ಪ, ಗ್ಯಾಸ್ಕೆಟ್, ವಾಷರ್, ನಟ್‌ನ ಎತ್ತರ, ಮೇಲೆ ಎರಡು ಮೂರು ಥ್ರೆಡ್.

ಒಳಗೆ ಎಷ್ಟು ಹೋಗಬೇಕು ಅನ್ನುವುದು ಕೇಸಿಂಗ್‌ನ ಲೋಹದ ಮೇಲೆ ನಿಂತಿದೆ. ಉಕ್ಕು ಆದರೆ ವ್ಯಾಸದಷ್ಟೇ ಸಾಕು, ಅದು ಡಿನ್ 938. ಬೀಡು ಆದರೆ ವ್ಯಾಸದ ಒಂದೂಕಾಲು ಪಟ್ಟು, ಡಿನ್ 939. ಅಲ್ಯೂಮಿನಿಯಂ ಆದರೆ ಎರಡು ಪಟ್ಟು, ಡಿನ್ 835. ನಮ್ಮ ಭಾರತೀಯ ಮಾನದಂಡದಲ್ಲಿ ಸ್ಟಡ್‌ಗಳಿಗೆ ಐಎಸ್ 1862 ಇದೆ, ಗ್ರೇಡ್, ಪರೀಕ್ಷೆ ಇತ್ಯಾದಿಗೆ ಐಎಸ್ 1367. ಇದಕ್ಕಿಂತ ಜಾಸ್ತಿ ಆಳ ಕೊಟ್ಟರೆ ಜಾಸ್ತಿ ಗಟ್ಟಿ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಭಾರದ ಸುಮಾರು ಮೂರನೇ ಒಂದು ಭಾಗವನ್ನು ಮೊದಲ ಥ್ರೆಡ್ ಒಂದೇ ಹೊರುತ್ತದೆ, ಕೊನೆಯವು ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತವೆ.

ಎರಡನೇ ಹೆಜ್ಜೆ: ಗ್ರೇಡ್ ನೋಡಿ

8.8 ಅಂದರೆ ಏನು? ಮೊದಲ 8ನ್ನು ನೂರರಿಂದ ಗುಣಿಸಿದರೆ ಮುರಿಯುವ ಬಲ, 800 ಮೆಗಾಪ್ಯಾಸ್ಕಲ್. ಚುಕ್ಕಿಯ ನಂತರದ 8 ಅಂದರೆ ಅದರ ನೂರಕ್ಕೆ 80ರಷ್ಟು, 640ಕ್ಕೆ ಬಂದಾಗ ಸ್ಟಡ್ ಶಾಶ್ವತವಾಗಿ ಹಿಗ್ಗಿ ಬಿಡುತ್ತದೆ, ವಾಪಸ್ ಬರುವುದಿಲ್ಲ. ಇದೇ ಲೆಕ್ಕದಲ್ಲಿ 10.9 ಅಂದರೆ 1000 ಮತ್ತು 900. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಥ್ರೆಡ್ ರಾಡ್ ಸಾಮಾನ್ಯವಾಗಿ 4.6 ಅಥವಾ 4.8. ಅಂದರೆ 8.8ರ ಅರ್ಧದಷ್ಟು ಶಕ್ತಿ. ಅದನ್ನು ಕೊಯ್ದು ಸಿಲಿಂಡರ್ ಹೆಡ್‌ಗೋ ಒತ್ತಡದ ಫ್ಲ್ಯಾಂಜ್‌ಗೋ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಪೈಪ್ ಕ್ಲ್ಯಾಂಪ್‌ಗೆ, ಬೋರ್ಡ್ ನೇತುಹಾಕಲು ಅದು ಚೆನ್ನಾಗಿದೆ. ಒತ್ತಡ ಇರುವಲ್ಲಿ ಅದು ಬಿಗಿಮಾಡುತ್ತಿದ್ದ ಹಾಗೇ ಹಿಗ್ಗುತ್ತಾ ಹೋಗುತ್ತದೆ. ಮೆಕ್ಯಾನಿಕ್‌ಗೆ ನಟ್ ಇನ್ನೂ ತಿರುಗುತ್ತಿದೆ ಅನಿಸುತ್ತದೆ, ನಿಜಕ್ಕೂ ಸ್ಟಡ್ ಸಾಯುತ್ತಿರುತ್ತದೆ.

ಗುರುತು ಸ್ಟಡ್‌ನ ತುದಿಯಲ್ಲಿ ಇರುತ್ತದೆ. ಜಾಗ ಸಾಲದ ಸಣ್ಣ ಸ್ಟಡ್‌ಗಳಲ್ಲಿ ಅಂಕಿಯ ಬದಲು ಚಿಹ್ನೆ: ಸಣ್ಣ ವೃತ್ತ ಇದ್ದರೆ 8.8, ಚೌಕ ಇದ್ದರೆ 10.9. ಸ್ಟೀಮ್, ಅಮೋನಿಯಾ, ಬಿಸಿ ಎಣ್ಣೆಯ ಲೈನ್‌ಗಳ ಫ್ಲ್ಯಾಂಜ್‌ಗೆ ಬಿ7 ಅಂತ ಗುದ್ದಿರುವ ಸ್ಟಡ್ ಕೇಳಿ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿದ ಉಕ್ಕು ಅದು, ಶಕ್ತಿ 860 ಮೆಗಾಪ್ಯಾಸ್ಕಲ್, ಅದಕ್ಕೆ ಜೊತೆ 2ಎಚ್ ನಟ್. 8.8 ಸ್ಟಡ್‌ಗೆ ಕ್ಲಾಸ್ 8 ನಟ್. ಗುರುತೇ ಇಲ್ಲದ ಸ್ಟಡ್ ಕೊಟ್ಟು "ಇದು 8.8ರದ್ದೇ" ಅಂದರೆ ಬಿಟ್ಟು ಬನ್ನಿ.

ಲೇತ್‌ನಲ್ಲಿ ಮಾಡಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ತುರ್ತಿಗೆ ಸರಿ, ಆದರೆ ಯಾವ ರಾಡ್‌ನಿಂದ ಮಾಡುತ್ತಾರೆ ಅಂತ ಕೇಳಿಯೇ ಮಾಡಿಸಿ. ಕಾರ್ಖಾನೆಯ ಸ್ಟಡ್‌ನಲ್ಲಿ ಥ್ರೆಡ್ಡನ್ನು ರೋಲ್ ಮಾಡಿ ಒತ್ತಿ ಮೂಡಿಸಿರುತ್ತಾರೆ, ಲೇತ್‌ನಲ್ಲಿ ಕತ್ತರಿಸಿ ತೆಗೆಯುತ್ತಾರೆ. ರೋಲ್ ಮಾಡಿದ ಥ್ರೆಡ್ ದಿನವಿಡೀ ನಡುಗುವ ಎಂಜಿನ್‌ನಲ್ಲಿ ಜಾಸ್ತಿ ಬಾಳುತ್ತದೆ.

ಮೂರನೇ ಹೆಜ್ಜೆ: ನಮ್ಮ ಗಾಳಿಗೆ ಹೊಂದುವ ಲೋಹ

ಬೇರೆ ಊರಿನ ಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿಯುವ ವಿಷಯ ಇದು. ಮಾಜಾಳಿಯಿಂದ ಭಟ್ಕಳದವರೆಗೆ ಕೆಲಸ ಮಾಡುವವರಿಗೆ ಮಾತ್ರ ಇದೇ ದೊಡ್ಡ ವಿಷಯ. ಅಂಗಡಿಯಲ್ಲಿ ಹೊಳೆಯುವ ಬಿಳಿ ಅಥವಾ ಹಳದಿ ಜಿಂಕ್ ಲೇಪನದ ಸ್ಟಡ್ ಮೇಲೆ ಇರುವ ಪದರ ಸಾಮಾನ್ಯವಾಗಿ 5ರಿಂದ 8 ಮೈಕ್ರಾನ್. ಶಿರಸಿಯಲ್ಲಿ ಮಾಡಿನ ಕೆಳಗಿರುವ ಯಂತ್ರಕ್ಕೆ ಇದು ಪರವಾಗಿಲ್ಲ. ದಕ್ಕೆಯ ಮೇಲೆ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದರ ಪದರ 40-50 ಮೈಕ್ರಾನ್, ಜೆಟ್ಟಿಯ ರಚನೆ, ಪೈಪ್ ಸಪೋರ್ಟ್, ಹೊರಗಿನ ಫ್ಲ್ಯಾಂಜ್‌ಗೆ ಅದೇ ಸರಿ. ಆ ದಪ್ಪ ಪದರದ ಕಾರಣ ಮಾಮೂಲಿ ನಟ್ ಅದಕ್ಕೆ ಹತ್ತುವುದಿಲ್ಲ, ಥ್ರೆಡ್ ಸ್ವಲ್ಪ ದೊಡ್ಡದು ಮಾಡಿದ ನಟ್ಟನ್ನು ಜೊತೆಗೇ ಕೊಳ್ಳಬೇಕು. ಡೈ ಹಾಕಿ ಸ್ಟಡ್‌ನ ಪದರ ಕೆರೆದು ಮಾಮೂಲಿ ನಟ್ ಹಾಕುವವರಿದ್ದಾರೆ, ಕೊಟ್ಟ ದುಡ್ಡು ದಂಡ.

10.9 ಮತ್ತು ಅದಕ್ಕಿಂತ ಗಟ್ಟಿ ಸ್ಟಡ್‌ಗೆ ಊರಲ್ಲೇ ಜಿಂಕ್ ಪ್ಲೇಟಿಂಗ್ ಮಾಡಿಸಬೇಡಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಆಮೇಲೆ ಸರಿಯಾಗಿ ಬೇಕ್ ಮಾಡದಿದ್ದರೆ ಬಿಗಿಮಾಡಿ ಮನೆಗೆ ಹೋದ ಮೇಲೆ, ಒಂದೆರಡು ದಿನ ಬಿಟ್ಟು, ಯಾರೂ ಮುಟ್ಟದೇ ಇದ್ದರೂ ಸ್ಟಡ್ ಕಟ್ ಆಗಬಹುದು.

ಹಾಗಾದರೆ ಎಲ್ಲಕ್ಕೂ ಸ್ಟೇನ್‌ಲೆಸ್ ಹಾಕಿದರಾಯಿತು ಅಲ್ವಾ? ನಿಲ್ಲಿ. 304 ಸ್ಟೇನ್‌ಲೆಸ್‌ಗೂ ಕಡಲ ಉಪ್ಪು ಚುಕ್ಕೆ ಚುಕ್ಕೆಯಾಗಿ ತೂತು ಕೊರೆಯುತ್ತದೆ. 316ರಲ್ಲಿ ನೂರಕ್ಕೆ 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. ಎರಡಕ್ಕೂ ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ, ಹಾಗಾಗಿ ಅಯಸ್ಕಾಂತ ಇಟ್ಟು ಇದು 316 ಅಂತ ಹೇಳಲು ಬರುವುದಿಲ್ಲ. ತುದಿಯ ಗುರುತು ನೋಡಿ: ಎ2 ಅಂದರೆ 304ರ ಜಾತಿ, ಎ4 ಅಂದರೆ 316ರ ಜಾತಿ. ಬಿಸಿ ಮತ್ತು ಉಪ್ಪು ಒಟ್ಟಿಗೆ ಇರುವ ಕಡೆ, ಬೋಟ್‌ನ ಎಕ್ಸಾಸ್ಟ್ ಪಕ್ಕದಂಥ ಜಾಗದಲ್ಲಿ, 60 ಡಿಗ್ರಿ ದಾಟಿದರೆ 304 ಸದ್ದಿಲ್ಲದೆ ಬಿರುಕು ಬಿಡಬಹುದು. ಅಲ್ಲಿ ಅದನ್ನು ಹಾಕಲೇಬೇಡಿ.

ಇನ್ನೂ ಮುಖ್ಯವಾದದ್ದು ಶಕ್ತಿ. ಎ4-70 ಅಂದರೆ ಮುರಿಯುವ ಬಲ 700, ಹಿಗ್ಗಿ ಬಿಡುವುದು 450ಕ್ಕೇ. 8.8ರಲ್ಲಿ ಅದು 640 ಇತ್ತು, ನೆನಪಿದೆ ತಾನೇ. ತುಕ್ಕು ಹಿಡಿಯಬಾರದು ಅಂತ ಸಿಲಿಂಡರ್ ಹೆಡ್‌ಗೆ ಸ್ಟೇನ್‌ಲೆಸ್ ಸ್ಟಡ್ ಹಾಕಿ ಹಳೇ ಟಾರ್ಕನ್ನೇ (ತಿರುಗಿಸುವ ಬಲ) ಕೊಟ್ಟರೆ ಅದು ಹಿಗ್ಗುತ್ತದೆ, ಎಳೆತ ಹೋಗುತ್ತದೆ, ಹಿಂದೆಯೇ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್‌ಗೆ ಕಂಪನಿ ಹೇಳಿದ ಗ್ರೇಡ್‌ನ ಉಕ್ಕಿನ ಸ್ಟಡ್ ಹಾಕಿ, ಹೊರಗೆ ಕಾಣುವ ಭಾಗಕ್ಕೆ ಎಣ್ಣೆ ಅಥವಾ ಮೇಣದಂಥ ಕೋಟಿಂಗ್ ಬಳಿಯುತ್ತಿರಿ. ಸಮುದ್ರದ ನೀರಿನ ಪಂಪ್‌ನ ಕವರ್, ಸ್ಟ್ರೇನರ್, ಡೆಕ್ ಮೇಲಿನ ಫಿಟ್ಟಿಂಗ್, ಇವಕ್ಕೆ 316 ಹಾಕಿ.

ಸ್ಟೇನ್‌ಲೆಸ್ ಸ್ಟಡ್‌ಗೆ ಸ್ಟೇನ್‌ಲೆಸ್ ನಟ್ ಒಣಗಿದ್ದಾಗಲೇ ಹಾಕಿ ಇಂಪ್ಯಾಕ್ಟ್ ಗನ್ ಒತ್ತಿದರೆ ಎರಡೂ ಬೆಸೆದುಕೊಳ್ಳುತ್ತವೆ, ಆಮೇಲೆ ಕೊಯ್ಯುವುದೇ ದಾರಿ. ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಕೈ ಪಾನಾದಲ್ಲಿ ನಿಧಾನವಾಗಿ ತಿರುಗಿಸಿ. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಕವಚಕ್ಕೆ ಸ್ಟೇನ್‌ಲೆಸ್ ಸ್ಟಡ್ ಹಾಕುವಾಗಲೂ ಪೇಸ್ಟ್ ಬೇಕು, ಇಲ್ಲದಿದ್ದರೆ ಉಪ್ಪು ನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್‌ಗೆ ಹಿತ್ತಾಳೆ ನಟ್ ಒಳ್ಳೆಯದು, ಸುಟ್ಟು ಅಂಟುವುದಿಲ್ಲ. ಐಸ್ ಪ್ಲಾಂಟ್‌ನಲ್ಲಿ ಮಾತ್ರ ಹಿತ್ತಾಳೆ ನಟ್ ಆಗಲಿ, ತಾಮ್ರದ ಪುಡಿ ಇರುವ ಆ್ಯಂಟಿ-ಸೀಜ್ ಆಗಲಿ ಅಮೋನಿಯಾ ಲೈನ್‌ನ ಹತ್ತಿರ ತರಬೇಡಿ. ಅಮೋನಿಯಾ ತಾಮ್ರವನ್ನೂ ತಾಮ್ರ ಬೆರೆತ ಲೋಹಗಳನ್ನೂ ತಿನ್ನುತ್ತದೆ. ಅಲ್ಲಿ ನಿಕಲ್ ಆಧಾರದ ಪೇಸ್ಟ್ ಬಳಸಿ.

ನಾಲ್ಕನೇ ಹೆಜ್ಜೆ: ಕೂರಿಸುವುದು

ರಂಧ್ರ ಸ್ವಚ್ಛ ಇಲ್ಲದಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ. ಟ್ಯಾಪನ್ನು ಕೈಯಲ್ಲೇ ಒಮ್ಮೆ ಓಡಿಸಿ ಹಳೇ ತುಕ್ಕು, ಲಾಕ್‌ಟೈಟ್ (ಥ್ರೆಡ್ ಸಡಿಲವಾಗದಂತೆ ಹಾಕುವ ಅಂಟು) ತುಣುಕು ತೆಗೆಯಿರಿ, ಗಾಳಿ ಊದಿ, ಕಣ್ಣಿಗೆ ಕನ್ನಡಕ ಇರಲಿ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ಅಥವಾ ನೀರು ಉಳಿದಿದ್ದರೆ ಸ್ಟಡ್ ಇಳಿಯುವಾಗ ಅದಕ್ಕೆ ಹೋಗಲು ಜಾಗ ಇರುವುದಿಲ್ಲ. ದ್ರವ ಕುಗ್ಗುವುದಿಲ್ಲವಲ್ಲ, ಬೀಡೇ ಬಿರಿಯುತ್ತದೆ. ಬ್ಲಾಕ್ ಒಡೆಯಲು ಒಂದು ಚಮಚ ಎಣ್ಣೆ ಸಾಕು.

ರಂಧ್ರದ ಬಾಯಿ ನೋಡಿ. ಹಳೇ ಸ್ಟಡ್ ವರ್ಷಗಟ್ಟಲೆ ಎಳೆದು ಮೊದಲ ಥ್ರೆಡ್ ಮೇಲಕ್ಕೆ ಉಬ್ಬಿರುತ್ತದೆ. ಆ ಉಬ್ಬು ಇದ್ದರೆ ಹೆಡ್ ಸಮನಾಗಿ ಕೂರುವುದಿಲ್ಲ, ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ದೊಡ್ಡ ಡ್ರಿಲ್ ಬಿಟ್‌ನಿಂದ ಬಾಯನ್ನು ಸ್ವಲ್ಪವೇ ಸ್ವಲ್ಪ ಒರೆಸಿ, ಮೇಲೆ ಚಪ್ಪಟೆ ಕಲ್ಲು ಆಡಿಸಿ.

ಸ್ಟಡ್ ಮೊದಲು ಬೆರಳಲ್ಲೇ ಇಳಿಯಬೇಕು. ಆಮೇಲೆ ಹೊರ ತುದಿಗೆ ಎರಡು ನಟ್ ಹಾಕಿ, ಒಂದಕ್ಕೊಂದು ಬಿಗಿಮಾಡಿ, ಮೇಲಿನ ನಟ್‌ಗೆ ಪಾನಾ ಹಾಕಿ ಇಳಿಸಿ. ತೆಗೆಯುವಾಗ ಕೆಳಗಿನ ನಟ್‌ಗೆ ಪಾನಾ. ಪೈಪ್ ರೆಂಚ್ ಹಾಕಿ ಸ್ಟಡ್‌ನ ಮೈ ಹಿಡಿಯಬೇಡಿ, ಆ ಹಲ್ಲಿನ ಗಾಯದಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ತಳಕ್ಕೆ ಮುಟ್ಟಿದ ಮೇಲೆ ಒತ್ತಿ ಬಿಗಿಮಾಡಬಾರದು. ಮುಟ್ಟಿಸಿ, ಕಾಲು ಸುತ್ತು ಹಿಂದಕ್ಕೆ ಬನ್ನಿ. ಸ್ಟಡ್ ತಾನೇ ಸಡಿಲವಾಗುವ ಭಯ ಇದ್ದರೆ ಒಳತುದಿಗೆ ಲಾಕ್‌ಟೈಟ್ 243 ಒಂದೆರಡು ಹನಿ ಹಾಕಿ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. 271 ಹಾಕಿದರೆ ಮುಂದೆ ಬಿಚ್ಚುವಾಗ ಸುಮಾರು 250 ಡಿಗ್ರಿ ಬಿಸಿ ಕೊಡಬೇಕು, ಯೋಚಿಸಿ ಹಾಕಿ. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ ರಂಧ್ರ ನೀರಿನ ಜಾಕೆಟ್‌ಗೆ ತೆರೆದಿರುತ್ತದೆ, ಅಲ್ಲಿ ಥ್ರೆಡ್ ಸೀಲೆಂಟ್ ಹಚ್ಚದೇ ಇದ್ದರೆ ಸ್ಟಡ್ ಗುಂಟ ನೀರು ಮೇಲೆ ಬರುತ್ತದೆ.

ಐದನೇ ಹೆಜ್ಜೆ: ಬಿಗಿಮಾಡುವುದು

ನೀವು ಪಾನಾದ ಮೇಲೆ ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್‌ನ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ನೂರಕ್ಕೆ 40ರಷ್ಟು ಥ್ರೆಡ್‌ನ ಉಜ್ಜಾಟಕ್ಕೆ. ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತರಷ್ಟೇ. ಹಾಗಾಗಿ ಉಜ್ಜಾಟ ಸ್ವಲ್ಪ ಬದಲಾದರೂ ಎಳೆತ ತುಂಬಾ ಬದಲಾಗುತ್ತದೆ. ತುಕ್ಕು ಹಿಡಿದ ಥ್ರೆಡ್‌ನಲ್ಲಿ ಟಾರ್ಕ್ ರೆಂಚ್ "ಟಕ್" ಅಂದರೂ ಎಳೆತ ಬಂದಿರುವುದಿಲ್ಲ. ಆ್ಯಂಟಿ-ಸೀಜ್ ಹಚ್ಚಿದ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಎಳೆತ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗಬಹುದು. ಪೇಸ್ಟ್ ಹಚ್ಚಿದ್ದರೆ ಟಾರ್ಕ್‌ನಲ್ಲಿ ಕಾಲು ಭಾಗ ಇಳಿಸಿ.

ಎಂಜಿನ್‌ನ ಪುಸ್ತಕ ಸಿಕ್ಕರೆ ಅದರಲ್ಲಿರುವ ಟಾರ್ಕೇ ಕೊನೆ ಮಾತು. ಸಿಗದಿದ್ದರೆ, ಪೇಸ್ಟ್ ಹಚ್ಚದ ಸ್ವಚ್ಛ 8.8 ಸ್ಟಡ್‌ಗೆ ಎಂ8 ಆದರೆ 25, ಎಂ10 ಆದರೆ 50, ಎಂ12 ಆದರೆ 85, ಎಂ16 ಆದರೆ 210 ನ್ಯೂಟನ್ ಮೀಟರ್ ಅಂತ ಸುಮಾರಾಗಿ ಇಟ್ಟುಕೊಳ್ಳಬಹುದು. ಅಲ್ಯೂಮಿನಿಯಂ ಕೇಸಿಂಗ್ ಆದರೆ, ಮೆತ್ತಗಿನ ರಬ್ಬರ್ ಗ್ಯಾಸ್ಕೆಟ್ ಆದರೆ ಇಷ್ಟು ಕೊಡಬೇಡಿ.

ನಟ್ ಕೂರುವ ಜಾಗದ ಪೇಂಟ್ ಕೆರೆದು ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪೇಂಟ್ ಕೆಲವೇ ದಿನದಲ್ಲಿ ಒತ್ತಿ ತೆಳುವಾಗುತ್ತದೆ. 0.2 ಮಿಮೀ ಹಿಗ್ಗಿನಲ್ಲಿ 0.03 ಹೋದರೆ ನಡೆಯಬಹುದು. ಆದರೆ ಬಿಗಿಮಾಡುವ ಭಾಗ 20 ಮಿಮೀ ದಪ್ಪ ಇರುವ ಸಣ್ಣ ಫ್ಲ್ಯಾಂಜ್‌ನಲ್ಲಿ ಒಟ್ಟು ಹಿಗ್ಗೇ 0.04 ಮಿಮೀ, ಅಲ್ಲಿ 0.03 ಹೋದರೆ ಉಳಿಯುವುದೇನು?

ಫ್ಲ್ಯಾಂಜ್ ಆದರೆ ಎದುರು ಬದುರು, ಸಿಲಿಂಡರ್ ಹೆಡ್ ಆದರೆ ನಡುವಿನಿಂದ ಹೊರಕ್ಕೆ. ಮೊದಲ ಸುತ್ತು ಬೇಕಾದ ಟಾರ್ಕ್‌ನ ಮೂರನೇ ಒಂದು, ಎರಡನೇ ಸುತ್ತು ಮೂರನೇ ಎರಡು, ಮೂರನೆಯದು ಪೂರ್ತಿ. ಕೊನೆಗೆ ಗಡಿಯಾರದ ದಿಕ್ಕಿನಲ್ಲಿ ಒಂದೊಂದಾಗಿ ಎಲ್ಲವನ್ನೂ ಮುಟ್ಟಿ ನೋಡಿ, ಒಂದೂ ಅಲುಗಬಾರದು. ಗ್ಯಾಸ್ಕೆಟ್ ಕುಗ್ಗುವುದರಿಂದ ನಾಲ್ಕು ಗಂಟೆ ಬಿಟ್ಟು, ಇಲ್ಲವೇ ಮರುದಿನ, ಇನ್ನೊಮ್ಮೆ ನೋಡಿ. ಒಳಗೆ ಒತ್ತಡ ಇರುವಾಗ ಸ್ಟೀಮ್ ಅಥವಾ ಅಮೋನಿಯಾ ಲೈನ್‌ನ ನಟ್ ಬಿಗಿಮಾಡಲು ಹೋಗಬೇಡಿ, ಯಾರು ಹೇಳಿದರೂ.

ಸ್ಪ್ರಿಂಗ್ ವಾಷರ್ ಹಾಕಿದರೆ ಸಡಿಲ ಆಗುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ, ನಟ್ ಬಿಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಜಾಯಿಂಟ್ ಅಡ್ಡಡ್ಡ ಜಾರುವುದು. ಎಳೆತ ಸಾಕಷ್ಟಿದ್ದರೆ ಜಾರುವುದಿಲ್ಲ, ಜಾರದಿದ್ದರೆ ಬಿಚ್ಚುವುದಿಲ್ಲ. 8.8 ಸ್ಟಡ್‌ಗೆ ಚಪ್ಪಟೆಯ ಗಟ್ಟಿ ವಾಷರ್ ಹಾಕಿ ಸರಿಯಾಗಿ ಬಿಗಿಮಾಡಿ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಒಳ್ಳೆಯದೇ, ಆದರೆ 120 ಡಿಗ್ರಿಗಿಂತ ಬಿಸಿಯಾಗುವ ಜಾಗಕ್ಕೆ ಬೇಡ, ನೈಲಾನ್ ಸೋಲುತ್ತದೆ.

ಕಟ್ ಆದರೆ ಏನು ಮಾಡಬೇಕು

ಮೊದಲು ಮುರಿದ ಮುಖ ನೋಡಿ. ಕಪ್ಪೆಚಿಪ್ಪಿನ ಮೇಲಿನ ಗೆರೆಗಳ ಹಾಗೆ ಒಂದು ಮೂಲೆಯಿಂದ ಬಳೆ ಬಳೆಯಾಗಿ ಹರಡಿದ್ದರೆ ಸ್ಟಡ್ ದಿನ ದಿನ ಸ್ವಲ್ಪ ಸ್ವಲ್ಪ ಬಿರಿದು ಹೋಗಿದೆ. ಬಹುಮಟ್ಟಿಗೆ ಅದು ಸಡಿಲ ಇತ್ತು, ಹಾಗಾಗಿ ಪ್ರತಿ ನಡುಕವನ್ನೂ ತಾನೇ ಹೊತ್ತಿತು. ಅಂಥ ಕಡೆ ಅಕ್ಕಪಕ್ಕದ ಸ್ಟಡ್‌ಗಳೂ ದಣಿದಿರುತ್ತವೆ, ಎಲ್ಲವನ್ನೂ ಬದಲಿಸಿ. ಮುರಿಯುವ ಮುಂಚೆ ಸೊಂಟ ಸಣ್ಣಗಾಗಿದ್ದರೆ ಜಾಸ್ತಿ ಬಿಗಿಮಾಡಿದ್ದಾರೆ, ಇಲ್ಲವೇ ಕಡಿಮೆ ಗ್ರೇಡ್ ಹಾಕಿದ್ದಾರೆ.

ಸ್ಟಡ್ ಇನ್ನೂ ಹೊರಗೆ ಚಾಚಿದ್ದರೆ ಅವಸರ ಬೇಡ. ಪೆನಿಟ್ರೇಟಿಂಗ್ ಆಯಿಲ್ ಹಾಕಿ, ಸ್ಟಡ್‌ನ ತುದಿಗೆ ಸುತ್ತಿಗೆಯಿಂದ ನೇರ ನಾಲ್ಕು ಏಟು ಕೊಟ್ಟು, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎರಡು ನಟ್ ಹಾಕಿ ಮೊದಲು ಬಿಗಿಮಾಡುವ ಕಡೆಗೇ ಸ್ವಲ್ಪ ಅಲುಗಿಸಿ, ಆಮೇಲೆ ಬಿಚ್ಚುವ ಕಡೆಗೆ, ಮತ್ತೆ ವಾಪಸ್. ಅಲುಗದಿದ್ದರೆ ಬಿಸಿ ಕೊಡಿ, ಸ್ಟಡ್‌ಗೆ ಬೇಡ, ಸುತ್ತಲಿನ ಕೇಸಿಂಗ್‌ಗೆ. ಬೀಡನ್ನು ನಿಧಾನವಾಗಿ, ಅಗಲ ಜಾಗದಲ್ಲಿ ಕಾಯಿಸಬೇಕು, ನೀರು ಸುರಿದು ತಣಿಸಿದರೆ ಬಿರಿಯುತ್ತದೆ. ಬಿಸಿ ಇರುವಾಗಲೇ ಥ್ರೆಡ್ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರೆ ಮೇಣ ಕರಗಿ ಒಳಗೆ ಇಳಿಯುತ್ತದೆ. ಫೈಬರ್ ಅಥವಾ ಮರದ ಬೋಟ್ ಒಳಗೆ ಗ್ಯಾಸ್ ಜ್ವಾಲೆ ಹಚ್ಚುವ ಮೊದಲು ಬಿಲ್ಜ್‌ನಲ್ಲಿ (ಬೋಟ್‌ನ ಒಳ ತಳ) ಡೀಸೆಲ್ ನಿಂತಿಲ್ಲ ಅಂತ ನೋಡಿಕೊಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ಕೇಸಿಂಗ್ ಮಟ್ಟಕ್ಕೇ ಮುರಿದಿದ್ದರೆ ವಾಷರ್ ಇಟ್ಟು ಅದರ ತೂತಿನ ಮೂಲಕ ಸ್ಟಡ್‌ಗೆ ವೆಲ್ಡ್ ಮಾಡಿ, ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ. ವೆಲ್ಡಿಂಗ್ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಅರ್ಥ್ ಕ್ಲ್ಯಾಂಪ್ ಹತ್ತಿರದಲ್ಲೇ ಹಾಕಿ. ಕೆಂಪು ಬಣ್ಣ ಆರಿದ ಮೇಲೆ ನಿಧಾನ ತಿರುಗಿಸಿ. ವೆಲ್ಡಿಂಗ್ ಬಿಸಿಯೇ ಅರ್ಧ ಕೆಲಸ ಮಾಡಿರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿಲ್ಲ, ಎಂ8 ಮತ್ತು ಮೇಲಿನದಕ್ಕೆ ಡ್ರಿಲ್ ಹಿಡಿಯುವ ಮೊದಲು ಇದನ್ನೇ ಪ್ರಯತ್ನಿಸಿ.

ಒಳಗೇ ಮುರಿದಿದ್ದರೆ ಡ್ರಿಲ್ ಅನಿವಾರ್ಯ. ಸರಿಯಾಗಿ ನಡುವೆ ಪಂಚ್ ಮಾಡಿ, ಇದಕ್ಕೆ ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ. ಎಡಗೈ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಹಾಕಿ, ಕೊರೆಯುವಾಗಲೇ ಸ್ಟಡ್ ಬಿಚ್ಚಿ ಬಂದರೂ ಬಂತು. ಎಂ12 ಆದರೆ 4ರಿಂದ ಶುರು ಮಾಡಿ, 6, 8 ಅಂತ ಹೋಗಿ 10.2ರಲ್ಲಿ ನಿಲ್ಲಿಸಿ, ಉಳಿದ ತೆಳು ಸುರುಳಿಯನ್ನು ಸೂಜಿಯಿಂದ ಎತ್ತಿ ತೆಗೆಯಿರಿ. ಈಜಿ-ಔಟ್ (ಕೊರೆದ ತೂತಿಗೆ ಇಳಿಸಿ ಮುರಿದ ಸ್ಟಡ್ ತಿರುಗಿಸಿ ತೆಗೆಯುವ ಸಾಧನ) ಬಳಸುವುದಾದರೆ ತುಂಬಾ ಮೃದುವಾಗಿ. ಅದು ಗಾಜಿನಷ್ಟು ಪೆಡಸು. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ, ಕಾರ್ಬೈಡ್ ಬಿಟ್ ಅಥವಾ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಯಂತ್ರ) ಇರುವ ವರ್ಕ್‌ಶಾಪ್ ಹುಡುಕಬೇಕು.

ರಂಧ್ರದ ಥ್ರೆಡ್ಡೇ ಹೋಗಿದ್ದರೆ ಹೆಲಿಕಾಯಿಲ್ ಹಾಕಿ. ಅದರದ್ದೇ ಡ್ರಿಲ್, ಅದರದ್ದೇ ಟ್ಯಾಪ್ ಬೇಕು, ಕಿಟ್‌ನಲ್ಲಿ ಬರುತ್ತದೆ. ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಇಳಿಸಿ, ತಳದ ಬಾಲ ಮುರಿದು ಹೊರತೆಗೆದು, ಮೊದಲಿನ ಅಳತೆಯ ಸ್ಟಡ್ಡನ್ನೇ ಹಾಕಬಹುದು. ಅಲ್ಯೂಮಿನಿಯಂನಲ್ಲಿ ಇದು ಮೂಲ ಥ್ರೆಡ್‌ಗಿಂತ ಗಟ್ಟಿ. ಸುರುಳಿಯ ಹೊರಮೈಗೂ ಪೇಸ್ಟ್ ಹಚ್ಚುವುದನ್ನು ಮರೆಯಬೇಡಿ, ಅದೂ ಸ್ಟೇನ್‌ಲೆಸ್, ಕೇಸಿಂಗ್ ಅಲ್ಯೂಮಿನಿಯಂ, ಗಾಳಿಯಲ್ಲಿ ಉಪ್ಪು.

ಸ್ಪೇರ್ ಇಟ್ಟುಕೊಳ್ಳುವವರು ಜುಲೈನಲ್ಲೇ, ಬೋಟ್ ಇಳಿಸುವ ಮೊದಲು, ಎಂಜಿನ್‌ನ ಪ್ರತಿ ಅಳತೆಯ ಸ್ಟಡ್ ನಾಲ್ಕು ನಾಲ್ಕು, ಜೊತೆಗೆ ಅದೇ ಕ್ಲಾಸಿನ ನಟ್ ಮತ್ತು ವಾಷರ್ ತಂದು, ಎಣ್ಣೆಯಲ್ಲಿ ಅದ್ದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ಅಳತೆ, ಪಿಚ್ ಮತ್ತು ಗ್ರೇಡ್ ಬರೆದು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಇಡಿ. ಬೇರೆ ಬೇರೆ ಗ್ರೇಡಿನವನ್ನು ಒಂದೇ ಡಬ್ಬಿಗೆ ಹಾಕಬೇಡಿ, ಕತ್ತಲಲ್ಲಿ, ಅಲೆಯ ಮೇಲೆ, ಯಾರಿಗೂ ತುದಿಯ ಗುರುತು ಓದಲು ಆಗುವುದಿಲ್ಲ.